ಹಿಮದ ದಾರಿಯಿಂದ ಹಿಂದಕ್ಕೆ ಕರೆತಂದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದ್ದು ಹನೀಫ್. ಬೆಳಿಗ್ಗೆ ಆಫೀಸಿನ ಬಸ್ಸಿನಲ್ಲಿ ದೋಹಾದಿಂದ ಹಮದ್ ಬಂದರಿನ ಕಡೆ ಹೋಗುತ್ತಿದ್ದೆ, ಫೋನ್ ಬಂತು. ‘ಅಕ್ಕಾ, ನಮ್ಮ ಮಿಲಿಟರಿ ಸಾರ್ ಹೋದ್ರಂತೆ, ಹೌದಾ?’ ಎಂದರು. ನನಗೆ ಗೊತ್ತಿರಲಿಲ್ಲ. ಆಮೇಲೆ ವಿಚಾರಿಸಿದಾಗ ನಿಜವೆಂದು ತಿಳಿಯಿತು. ರಜೆಗೆಂದು ಹುಬ್ಬಳ್ಳಿಯ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆ ಚಹಾ ಕುಡಿದು ಪೇಪರ್ ಹಿಡಿದು ಕುಳಿತವರು ಹಾಗೆಯೇ ಹೋಗಿಬಿಟ್ಟಿದ್ದರು. ಹನೀಫ್ ಮತ್ತೆ ಫೋನ್ ಮಾಡಿ, ‘ಒಂದೂವರೆ ವರ್ಷ ಆಯ್ತು ಅಕ್ಕಾ, ನಾನು ಅವರತ್ರ ಒಂದು ಮಾತು ಆಡದೆ’ ಎಂದು ಹೇಳಿ ಫೋನ್ ಇಟ್ಟರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇ ಇಷ್ಟವಾಗುತ್ತಿರಲಿಲ್ಲ. ಆಫೀಸಿನ ನೋಟಿಸ್ ಬೋರ್ಡಿನಲ್ಲಿ ತಮ್ಮ ಫೋಟೋ ಹಾಕಿದ್ದಕ್ಕೇ ವಾರವಿಡೀ ಮುಖ ಗಂಟು ಹಾಕಿಕೊಂಡು ತಿರುಗಿದವರು ಅವರು.

ನಮ್ಮದು ಬಂದರಿನ ಹತ್ತಿರದ ಒಂದು ಗೋದಾಮು ಕಂಪನಿ. ನಾನು ಕಾಗದಪತ್ರದ ವಿಭಾಗದಲ್ಲಿದ್ದೇನೆ, ಅವರು ಸೇಫ್ಟಿ ಆಫೀಸರ್. ಬೆಳಗಾವಿ ಕಡೆಯ ಬಿಸಿಲೂರಿನವರು. ಸೈನ್ಯದಲ್ಲಿದ್ದ ಕಾಲದ ಬಹುಭಾಗವನ್ನು ಉತ್ತರದ ಹಿಮದ ಗುಡ್ಡಗಳಲ್ಲಿ ಕಳೆದು, ಹಿಮ ಕುಸಿಯುವ ಜಾಗಗಳಲ್ಲಿ ಹೇಗೆ ನಡೆಯಬೇಕೆಂದು ಹೊಸ ಸೈನಿಕರಿಗೆ ಕಲಿಸಿದವರು. ನಿವೃತ್ತರಾದ ಮೇಲೆ ಮರಳಿನ ದೇಶಕ್ಕೆ ಬಂದಿದ್ದರು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ‘ಊರಾಗ ಖಾಲಿ ಮನ್ಯಾಗ ಕುಂದ್ರೂದಕ್ಕಿಂತ ಇಲ್ಲಿ ಕುಂದ್ರೂದು ಛಲೋ ಅಲ್ರಿ’ ಎನ್ನುತ್ತಿದ್ದರು. ಎರಡಕ್ಕೂ ಏನು ವ್ಯತ್ಯಾಸವೋ ನನಗೆ ಅರ್ಥವಾಗುತ್ತಿರಲಿಲ್ಲ.

ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರಾದರೂ ನನ್ನನ್ನು ‘ಅಕ್ಕಾರ’ ಎಂದೇ ಕರೆಯುತ್ತಿದ್ದರು. ನಮ್ಮ ಗೋದಾಮಿನ ಶೀತಲ ಕೋಣೆಗೆ ದಪ್ಪ ಜಾಕೆಟ್ ಹಾಕದೆ ಒಬ್ಬರನ್ನೂ ಒಳಗೆ ಬಿಡುತ್ತಿರಲಿಲ್ಲ. ತಾವು ಹೋದಾಗ ಮಾತ್ರ ಒಳಗೆ ಗೋಡೆಗೆ ಕಟ್ಟಿದ ಮಂಜಿನ ಪುಡಿಯನ್ನು ಉಗುರಿನಿಂದ ಕೆರೆದು, ಬೆರಳುಗಳ ನಡುವೆ ತಿಕ್ಕಿ ನೋಡುತ್ತಿದ್ದರು. ಒಮ್ಮೆ ನಾನು, ‘ಎಂತ ಸಾರ್, ಹಿಮದ ಗುಡ್ಡ ನೆನಪಾಯ್ತಾ?’ ಎಂದು ತಮಾಷೆ ಮಾಡಿದೆ. ‘ಇದೇನ್ ಹಿಮ ಅಲ್ರಿ ಅಕ್ಕಾರ. ಬರೇ ಚಳಿ’ ಎಂದು ಕೈ ಒರೆಸಿಕೊಂಡರು. ಅದನ್ನು ಹೇಳಿದ ರೀತಿಯಲ್ಲಿ ಹಿಮವೆಂದರೆ ಯಾವುದೋ ಒಳ್ಳೆಯ ಮನೆತನ ಎಂಬಂತಿತ್ತು.

ಅವರಿಗೆ ಜೊತೆಯಾಗಿ ನಡೆಯುವುದು ಗೊತ್ತಿರಲಿಲ್ಲ. ಊಟದ ಕೋಣೆಗೆ ಹೋಗುವಾಗ ನಾವೆಲ್ಲ ಮಾತಾಡಿಕೊಂಡು ಗುಂಪಾಗಿ ಹೋದರೆ ಅವರು ಹತ್ತು ಮಾರು ಹಿಂದೆ ಬರುತ್ತಿದ್ದರು. ಮಲಯಾಳಿ ಸಹೋದ್ಯೋಗಿಗಳು ಜಂಬದ ಮನುಷ್ಯ ಎಂದುಕೊಂಡಿದ್ದರು. ಕೇಳಿದರೆ, ‘ರೂಢಿ ಆಗೇತ್ರಿ. ಇಳಿಜಾರಿನ ಕೆಳಗ ಎಲ್ಲಾರೂ ಒಮ್ಮೆಲೆ ಹೋಗಬಾರದು. ಒಬ್ಬವ ದಾಟಬೇಕು, ಉಳಿದವ್ರು ಅವನ್ನ ನೋಡ್ಕೋತ ನಿಂದರಬೇಕು’ ಎಂದರು. ಇಲ್ಲಿ ಇಳಿಜಾರು ಎಲ್ಲಿದೆ ಎಂದು ಕೇಳಿದ್ದಕ್ಕೆ ನಕ್ಕರು. ಆದರೆ ಆಮೇಲೂ ಹಿಂದೆಯೇ ಬರುತ್ತಿದ್ದರು.

ಅಲ್ ಗರಾಫಾದಲ್ಲಿ ಹಲವು ಪಾಲು ಮಾಡಿ ಬಾಡಿಗೆಗೆ ಕೊಟ್ಟ ಒಂದು ವಿಲ್ಲಾದ ಹಿಂಬದಿಯಲ್ಲಿ ಅವರ ಕೋಣೆ. ಒಮ್ಮೆ ಜ್ವರ ಬಂದಿದೆಯೆಂದು ನಾನೂ ನನ್ನ ಗಂಡನೂ ಗಂಜಿ ತೆಗೆದುಕೊಂಡು ಹೋದೆವು. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ನನ್ನ ಗಂಡ ಕುರ್ಚಿಯಲ್ಲಿ ಕುಳಿತರು, ನಾನು ನಿಂತೇ ಇದ್ದೆ. ಅವರಿಗೆ ಅದು ಬಹಳ ನಾಚಿಕೆಯಾಗಿರಬೇಕು. ಮುಂದಿನ ಸಲ ಹೋದಾಗ ಇನ್ನೆರಡು ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು, ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅವುಗಳ ಮೇಲೆ ನಾವಿಬ್ಬರಲ್ಲದೆ ಬೇರೆ ಯಾರಾದರೂ ಕುಳಿತಿದ್ದಾರೆಂದು ನನಗೆ ಅನ್ನಿಸುವುದಿಲ್ಲ.

ಇಂಥವರನ್ನು ಜನರ ನಡುವೆ ಎಳೆದು ತಂದದ್ದು ಹನೀಫ್. ಅವರದು ಇಂಡಸ್ಟ್ರಿಯಲ್ ಏರಿಯಾದಲ್ಲಿ ವಾಹನದ ಬಿಡಿಭಾಗಗಳ ಅಂಗಡಿ. ತಂದೆಯ ಕಾಲದಿಂದ ಇಲ್ಲೇ ಇರುವ ಪುತ್ತೂರು ಕಡೆಯವರು. ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ಅವರ ಮನೆಯಲ್ಲಿ ಊಟ. ಕನ್ನಡ ಮಾತಾಡುವ ಏಳೆಂಟು ಕುಟುಂಬಗಳು ಸೇರುತ್ತೇವೆ. ನಮ್ಮ ಕಂಪನಿಯಲ್ಲಿ ಬೆಳಗಾವಿಯವರೊಬ್ಬರಿದ್ದಾರೆ ಎಂದು ನಾನು ಹೇಳಿದ್ದೇ ತಡ, ಹನೀಫ್ ತಾವೇ ಕಾರು ತೆಗೆದುಕೊಂಡು ಹೋಗಿ, ‘ಯಲ್ಲಾ ಸಾರ್, ಹತ್ತಿ’ ಎಂದು ಕರೆತಂದರು. ಆಮೇಲೆ ಎರಡು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ. ಗುರುವಾರ ಸಂಜೆ ಆಫೀಸಿನಿಂದ ಹೊರಡುವಾಗ ಅವರ ಮುಖ ನೋಡಿದರೆ ಸಾಕಿತ್ತು, ನಾಳೆ ಏನು ದಿನವೆಂದು ತಿಳಿಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮಕ್ಕಳಿಗೆ ಖರ್ಜೂರದ ಪೊಟ್ಟಣ. ಹೆಚ್ಚು ಮಾತಾಡುತ್ತಿರಲಿಲ್ಲ. ಮೂಲೆಯಲ್ಲಿ ಕುಳಿತು ಎಲ್ಲರ ಮಾತು ಕೇಳುತ್ತಿದ್ದರು. ವಾರದ ಉಳಿದ ಆರು ದಿನವನ್ನು ಅವರು ಆ ಒಂದು ಮಧ್ಯಾಹ್ನಕ್ಕಾಗಿ ದೂಡುತ್ತಿದ್ದರು ಎಂದು ನನ್ನ ನಂಬಿಕೆ.

ಇಲ್ಲಿಂದ ಜಾರ್ಜಿಯಾಕ್ಕೆ ವಿಮಾನದಲ್ಲಿ ಹೆಚ್ಚು ಹೊತ್ತಿಲ್ಲ. ಚಳಿಗಾಲದ ರಜೆ ಬಂತೆಂದರೆ ದೋಹಾದ ಅರ್ಧ ಜನ ಹಿಮ ನೋಡಲು ಅಲ್ಲಿಗೆ ಓಡುತ್ತಾರೆ. ಆ ವರ್ಷ ನಮ್ಮ ಗುಂಪೂ ಹೊರಟಿತು. ಹಿಮ ಗೊತ್ತಿದ್ದವರು ಒಬ್ಬರು ಬೇಕಲ್ಲ ಎಂದು ಹನೀಫ್ ಅವರ ಬೆನ್ನು ಬಿದ್ದರು. ಅವರು ಒಂದು ವಾರ ‘ನೋಡೂಣ್ರಿ’ ಎನ್ನುತ್ತಲೇ ಕಳೆದರು. ಕೊನೆಗೆ ಒಪ್ಪಿಕೊಂಡು ಹೊಸ ಕೈಗವಸು ಕೊಂಡರು. ‘ಮತ್ತ ಹಿಮದ ಮಾರಿ ನೋಡೂದು ಬ್ಯಾಡ ಅನ್ಕೊಂಡಿದ್ದೆ ಅಕ್ಕಾರ. ಆದ್ರ ಇಷ್ಟು ಪ್ರೀತಿಲೆ ಕರದ್ರಲ್ಲ’ ಎಂದರು.

ಹೊರಡುವ ಮುಂಚಿನ ಶುಕ್ರವಾರ ಅವರು ಮಕ್ಕಳನ್ನೆಲ್ಲ ಹನೀಫರ ಹೆಂಡತಿ ಝೊಹರಾಳ ಅಡುಗೆಮನೆಗೆ ಕರೆದರು. ಒಂದು ದೊಡ್ಡ ಪರಾತದ ತುಂಬ ತೆಳುವಾಗಿ ಸಕ್ಕರೆ ಹರಡಿದರು. ಅದರ ಮೇಲೆ ಮೈದಾ ಸುರಿದು ಅಂಗೈಯಿಂದ ಒತ್ತಿ ಗಟ್ಟಿ ಮಾಡಿದರು. ‘ಮ್ಯಾಲ ನೋಡಿದ್ರ ಹೆಂಗೈತಿ?’ ಎಂದು ಕೇಳಿದರು. ನನ್ನ ಮಗಳು ರಿಯಾ, ‘ಸ್ಟ್ರಾಂಗ್ ಇದೆ ಅಂಕಲ್’ ಎಂದಳು. ಪರಾತದ ಒಂದು ಬದಿಯನ್ನು ನಿಧಾನವಾಗಿ ಎತ್ತಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೈದಾದ ಇಡೀ ಪದರು ಹೆಂಚಿನಂತೆ ಬಿರುಕು ಬಿಟ್ಟು, ಸಕ್ಕರೆಯ ಮೇಲಿಂದ ಜಾರಿ ಝೊಹರಾಳ ಕಾಲಿಗೆ ಬಿತ್ತು. ‘ಮ್ಯಾಲಿಂದು ಎಷ್ಟು ಗಟ್ಟಿ ಇದ್ರೂ ನಂಬೂದಲ್ಲ. ಕೆಳಗ ಸಕ್ಕರಿಯಂಥ ಹಳಕು, ಉದುರು ಹಿಮ ಇದ್ರ ಒಬ್ಬ ಮನಷಾನ ಭಾರ ಸಾಕು’ ಎಂದರು. ಹನೀಫ್ ಬಾಗಿಲಲ್ಲಿ ನಿಂತು, ‘ಸಾರ್, ಒಂದು ಪ್ಯಾಕೆಟ್ ಮೈದಾ ಖಲಾಸ್’ ಎಂದು ನಕ್ಕರು. ಎಲ್ಲರೂ ನಕ್ಕೆವು. ಝೊಹರಾ ವಾರವಿಡೀ ಇರುವೆ ಓಡಿಸಿದಳಂತೆ.

ನಾವು ಇಳಿದುಕೊಂಡದ್ದು ಗುಡ್ಡದ ಬುಡದ ಒಂದು ಸಣ್ಣ ಹಳ್ಳಿಯಲ್ಲಿ. ಮೊದಲ ರಾತ್ರಿ ಹಿಮ ಬಿತ್ತು, ಗಾಳಿಯೂ ಬೀಸಿತು. ಬೆಳಿಗ್ಗೆ ಎದ್ದರೆ ಕಣ್ಣು ಕುಕ್ಕುವ ಬಿಸಿಲು. ಹಳ್ಳಿಯಿಂದ ಆಚೆ, ಗುಡ್ಡದ ಬದಿಯಲ್ಲೊಂದು ಹಳೆಯ ಕಲ್ಲಿನ ಚರ್ಚು ಕಾಣುತ್ತಿತ್ತು. ಅಲ್ಲಿಗೆ ನಡೆದು ಹೋಗುವುದೆಂದು ನಿರ್ಧಾರವಾಯಿತು. ದಾರಿ ಸಮತಟ್ಟಾಗಿಯೇ ಇತ್ತು. ಆದರೆ ಒಂದು ಕಡೆ, ಮರಗಳಿಲ್ಲದ ಕಡಿದಾದ ಬೋಳು ಇಳಿಜಾರಿನ ಕೆಳಗೆ ಹಾಯ್ದು ಹೋಗುತ್ತಿತ್ತು. ಮಕ್ಕಳು ಮುಂದೆ ಓಡುತ್ತಿದ್ದರು. ಅಲ್ಲಿ ತಲುಪುವ ಮೊದಲೇ ಅವರು ಎಲ್ಲರನ್ನೂ ನಿಲ್ಲಿಸಿದರು.

ಹೋಟೆಲಿನಿಂದ ಕೇಳಿ ತಂದಿದ್ದ ಸಲಿಕೆಯಿಂದ ದಾರಿಯಂಚಿನಲ್ಲಿ ಸೊಂಟದಷ್ಟು ಆಳದ ಗುಂಡಿ ತೋಡಿದರು. ಗುಂಡಿಯ ಗೋಡೆಯನ್ನು ಬೆರಳಿನಿಂದ ಮೇಲಿಂದ ಕೆಳಕ್ಕೆ ಸವರಿದರು. ಒಂದು ಕಡೆ ಬೆರಳು ಸುಲಭವಾಗಿ ಒಳಗೆ ಹೋಯಿತು, ಹರಳು ಹರಳಾದ ಹಿಮ ಉದುರಿತು. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಎದ್ದು ಬದಿಗೆ ಎರಡು ಹೆಜ್ಜೆ ಇಟ್ಟರು. ಕಾಲಡಿಯಲ್ಲಿ ಧಪ್ ಎಂದು ಏನೋ ಕುಸಿದ ಸದ್ದು ನನಗೂ ಕೇಳಿಸಿತು. ಅವರ ಬೂಟಿನಿಂದ ಹೊರಟ ಒಂದು ಗೆರೆ ಹಿಮದ ಮೇಲೆ ದೂರದವರೆಗೆ ಓಡಿತು. ಅವರು ಹಿಂದೆ ಬಂದು ದಾರಿಯ ನಡುವೆ ನಿಂತು, ‘ಹೊಳ್ಳಿ ಹೋಗೂಣ್ರಿ’ ಎಂದರು.

‘ಎಂತ ಸಾರ್, ಚರ್ಚು ಅಲ್ಲೇ ಕಾಣ್ತಾ ಉಂಟು. ಹತ್ತು ನಿಮಿಷ ಸಾಕು’ ಎಂದರು ಹನೀಫ್.

‘ರಾತ್ರಿ ಗಾಳಿ ಆ ಕಡಿ ಹಿಮಾ ಎಲ್ಲಾ ತಂದು ಈ ಕಡಿ ಹೇರೇತ್ರಿ. ಕೆಳಗ ಹಳಕು ಐತಿ. ಮ್ಯಾಲ ಬಿಸಿಲು ಬೀಳಾಕತ್ತೇತಿ. ಇವತ್ತ ಬ್ಯಾಡ.’

‘ನೋಡಿ, ಯಾರೋ ಹೋದ ಹೆಜ್ಜೆ ಉಂಟಲ್ಲ.’

‘ಹೆಜ್ಜೆ ನೋಡಿದ್ರ ಅವ್ರು ಹ್ವಾದದ್ದು ಗೊತ್ತಾಗ್ತೈತಿ. ನಾವು ಹೋಗಬಹುದು ಅಂತ ಗೊತ್ತಾಗೂದಿಲ್ಲ.’

ಮಕ್ಕಳು ಅಳುಮೋರೆ ಮಾಡಿದರು. ಇನ್ನಿಬ್ಬರು ಗಂಡಸರು ಹನೀಫರ ಪರ ನಿಂತರು. ಅವರು ಜಾಗ ಬಿಡಲಿಲ್ಲ. ‘ದೊಡ್ಡವ್ರು ಹೋಗೂದು ನಿಮ್ಮ ಇಚ್ಛಾ. ಮಕ್ಕಳನ್ನ ನಾ ಬಿಡೂದಿಲ್ಲ’ ಎಂದರು. ಹನೀಫರ ಮುಖ ಕೆಂಪಾಯಿತು. ‘ಮಕ್ಕಳು ನಮ್ಮದು ಸಾರ್, ನಿಮ್ಮದಲ್ಲ’ ಎಂದುಬಿಟ್ಟರು.

ಅವರು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಟ ಹಿಡಿದರೆ ಏನು ಕಳೆದುಕೊಳ್ಳುತ್ತೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರಿಗೆ ದೋಹಾದಲ್ಲಿ ನಾವಲ್ಲದೆ ಇನ್ನಾರೂ ಇರಲಿಲ್ಲ. ಆದರೂ ಅಲ್ಲೇ ನಿಂತರು. ಮೊದಲು ನಾನು ರಿಯಾಳ ಕೈ ಹಿಡಿದು ತಿರುಗಿದೆ, ಆಮೇಲೆ ಝೊಹರಾ ತಿರುಗಿದಳು. ಗಂಡಸರು ಗೊಣಗಿಕೊಂಡು ಹಿಂದೆ ಬಂದರು. ನಾವು ಹಳ್ಳಿ ಮುಟ್ಟುವಷ್ಟರಲ್ಲಿ ಬೆನ್ನಿಗೆ ಚೀಲ ಕಟ್ಟಿದ ನಾಲ್ಕು ಜನ ಪರದೇಶದವರು ಸ್ಕೀ ಹಾಕಿಕೊಂಡು ಅದೇ ದಾರಿಯಲ್ಲಿ, ಒಬ್ಬರು ದಾಟಿದ ಮೇಲೆ ಇನ್ನೊಬ್ಬರಂತೆ ದಾಟಿ, ಆಚೆ ಬದಿಯಿಂದ ನಮ್ಮತ್ತ ಕೈ ಬೀಸಿದರು. ‘ನೋಡಿ’ ಎಂದರು ಹನೀಫ್. ಅಷ್ಟೇ ಅಂದರು.

ಇಳಿಜಾರು ಕುಸಿಯಲಿಲ್ಲ. ಅಂದೂ ಕುಸಿಯಲಿಲ್ಲ, ಮರುದಿನವೂ ಇಲ್ಲ. ನಾವು ಅಲ್ಲಿಂದ ಹೊರಡುವ ತನಕ ಬಿಸಿಲಿನಲ್ಲಿ ಹೊಳೆಯುತ್ತ ಹಾಗೆಯೇ ಇತ್ತು. ಅವರು ಹೋಟೆಲಿನ ಕಿಟಕಿಯ ಬಳಿ ಕುಳಿತು ಕತ್ತಲಾಗುವ ತನಕ ಅದನ್ನೇ ನೋಡುತ್ತಿದ್ದರು. ಉಳಿದವರು ಪಕ್ಕದ ಕೋಣೆಯಲ್ಲಿ ಇಸ್ಪೀಟು ಆಡುತ್ತಿದ್ದರು. ನಾನು ಚಹಾ ಕೊಡಲು ಹೋದಾಗ, ‘ಆ ಹಿಮ ಒಮ್ಮೆ ಜಾರಿ ಬಿದ್ದಿದ್ರೆ ಒಳ್ಳೆದಿತ್ತಲ್ಲ ಸಾರ್’ ಎಂದೆ. ಅವರು ಗಾಬರಿಯಿಂದ ನನ್ನ ಕಡೆ ತಿರುಗಿದರು. ‘ಛೆ, ಏನಂತೀರಿ ಅಕ್ಕಾರ. ಅಲ್ಲಿ ಮಂದಿ ಓಡಾಡಾಕತ್ತಾರ’ ಎಂದರು. ಚಹಾ ಲೋಟ ತೆಗೆದುಕೊಂಡು, ‘ಒಮ್ಮೆ ನಾ ಹೇಳಿದ್ದು ಖರೆ ಆಗಿತ್ತು. ಅದಕಿಂತ ಸುಳ್ಳ ಆಗೂದು ಛಲೋ’ ಎಂದರು. ಆ ‘ಒಮ್ಮೆ’ ಏನಾಯಿತೆಂದು ಅವರು ಹೇಳಲಿಲ್ಲ. ನನಗೆ ಕೇಳುವ ಧೈರ್ಯವಾಗಲಿಲ್ಲ.

ದೋಹಾಕ್ಕೆ ಬಂದ ಮೇಲೆ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಮೊದಲ ಶುಕ್ರವಾರ ಹನೀಫ್ ಕಾರು ಕಳಿಸಲಿಲ್ಲ, ಎರಡನೆಯದಕ್ಕೂ ಇಲ್ಲ. ಹೊಸದೊಂದು ವಾಟ್ಸಾಪ್ ಗುಂಪು ಶುರುವಾಯಿತು, ಅದರಲ್ಲಿ ಅವರ ನಂಬರ್ ಇರಲಿಲ್ಲ. ಸೀಲೈನ್ ಕಡಲತೀರದ ಮರಳುದಿಬ್ಬಕ್ಕೆ ಹೋದಾಗ ಯಾರಾದರೂ ಏರಲು ಹೊರಟರೆ, ‘ಸಾರ್‌ನ ಕೇಳಿ ಹತ್ತಿ ಮಾರಾಯ್ರೆ’ ಎಂದು ಒಬ್ಬರಾದರೂ ಹೇಳುತ್ತಿದ್ದರು, ಉಳಿದವರು ನಗುತ್ತಿದ್ದರು. ನನ್ನ ಗಂಡ ಎರಡು ಸಲ ಹನೀಫರಿಗೆ ಹೇಳಿ ನೋಡಿದರು. ‘ಕರೆಯುವ, ಕರೆಯುವ’ ಎಂದರೇ ಹೊರತು ಕರೆಯಲಿಲ್ಲ. ಎಲ್ಲರೆದುರು, ಹೆಂಡತಿ ಮಕ್ಕಳ ಎದುರು ತಮ್ಮ ಮಾತು ನಡೆಯಲಿಲ್ಲವೆಂಬುದು ಅವರಿಗೆ ಚುಚ್ಚಿತ್ತು. ನಮ್ಮ ಮನೆಗೆ ಸಾರ್ ಅವರನ್ನು ವಾರದ ನಡುವೆ ಊಟಕ್ಕೆ ಕರೆಯುತ್ತಿದ್ದೆವು. ಬರುತ್ತಿದ್ದರು, ಉಣ್ಣುತ್ತಿದ್ದರು, ಬೇಡವೆಂದರೂ ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಆದರೆ ಮೂರು ಜನರ ಮನೆ ತುಂಬಿದ ಮನೆಯಾಗುವುದಿಲ್ಲ. ಗುರುವಾರ ಸಂಜೆ ಅವರು ಆಫೀಸಿನಿಂದ ಎಲ್ಲರಿಗಿಂತ ಕೊನೆಗೆ ಹೊರಡಲು ಶುರು ಮಾಡಿದ್ದರು.

ಮುಂದಿನ ಚಳಿಗಾಲ ಹನೀಫರ ಕುಟುಂಬ ಇನ್ನೆರಡು ಕುಟುಂಬಗಳ ಜೊತೆ ಮತ್ತೆ ಅದೇ ಹಳ್ಳಿಗೆ ಹೋಯಿತು. ಮಕ್ಕಳಿಗೆ ಆ ಚರ್ಚು ನೋಡಲೇಬೇಕಿತ್ತು. ನಮಗೆ ರಜೆ ಸಿಕ್ಕಿರಲಿಲ್ಲ. ಅವರು ತಲುಪಿದ ಮರುದಿನ ಬೆಳಿಗ್ಗೆ ಝೊಹರಾ ನನಗೆ ಫೋನ್ ಮಾಡಿದಳು. ಸ್ವರ ಬಹಳ ತಗ್ಗಿತ್ತು. ‘ಅಕ್ಕಾ, ನೀವು ಸಾರ್‌ನತ್ರ ಒಂದು ಕೇಳ್ತೀರಾ? ಇಲ್ಲಿ ನಿನ್ನೆ ಹಿಮ ಬಿದ್ದಿದೆ. ಹೋಗಬಹುದಾ ಅಂತ. ಇವರಿಗೆ ಹೇಳ್ಬೇಡಿ.’

ನಾನು ಅವರ ಕ್ಯಾಬಿನ್ನಿಗೆ ಹೋಗಿ ಕೇಳಿದೆ. ಅವರು ಫೈಲು ಮುಚ್ಚಿಟ್ಟರು. ‘ಇಲ್ಲಿ ಕುಂತು ಅಲ್ಲಿ ಗುಡ್ಡದ ಮಾತು ಹೇಳೂದು ಅಂದ್ರ ಸುಳ್ಳು ಹೇಳಿದಂಗ ಅಕ್ಕಾರ’ ಎಂದರು. ಆದರೂ ಸುಮ್ಮನಿರಲಾಗಲಿಲ್ಲ. ರಾತ್ರಿ ಗಾಳಿ ಇತ್ತೋ, ಯಾವ ಕಡೆಯಿಂದ? ಕಾರಿನ ಮೇಲೆ ಎಷ್ಟು ಹಿಮ ಕೂತಿದೆ? ಸುತ್ತಲಿನ ಗುಡ್ಡಗಳಲ್ಲಿ ಎಲ್ಲಾದರೂ ಹೊಸದಾಗಿ ಜಾರಿದ ಗುರುತು ಇದೆಯೋ? ನಾನು ಕೇಳಿದೆ, ಝೊಹರಾ ಕಿಟಕಿಯಿಂದ ಫೋಟೋ ತೆಗೆದು ಕಳಿಸಿದಳು. ಅವರು ಕನ್ನಡಕ ಏರಿಸಿ ನೋಡಿ, ‘ಬ್ಯಾಡ ಅನ್ರಿ’ ಎಂದರು. ಮರುದಿನವೂ ಅದೇ ಪ್ರಶ್ನೆಗಳು, ಅದೇ ಉತ್ತರ. ಆ ದಿನಗಳಲ್ಲಿ ಬೆಳಿಗ್ಗೆ ನಾನು ಬಸ್ಸಿಳಿಯುವಾಗ ಅವರು ಗೇಟಿನಲ್ಲೇ ಕಾಯುತ್ತಿರುತ್ತಿದ್ದರು. ಸಂದೇಶ ಬಂತೇ ಎಂದು ಕೇಳುತ್ತಿರಲಿಲ್ಲ, ನನ್ನ ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದರು.

ಮೂರನೆಯ ದಿನ, ಹಳ್ಳಿಯಲ್ಲಿ ಸ್ಕೀ ಮಾಡುವವರ ರಕ್ಷಣೆಗೆ ಇರುವ ಸಿಬ್ಬಂದಿಯನ್ನು ಹೋಗಿ ಕೇಳಲು ಹೇಳಿಸಿದರು. ಹಿಮ ಗಟ್ಟಿಯಾಗಿ ಕೂತಿದೆ, ಇವತ್ತು ಹೋಗಬಹುದು ಎಂದು ಅಲ್ಲಿಯವರು ಹೇಳಿದರಂತೆ. ಆಗ ಒಪ್ಪಿದರು. ‘ಬಿಸಿಲು ಮ್ಯಾಲ ಬೀಳೂಕ್ಕಿಂತ ಮೊದ್ಲ ಹೋಗಿ ಹೊಳ್ಳಿ ಬರಬೇಕು. ಬೋಳ ಜಾಗಾ ಒಬ್ಬೊಬ್ರ ದಾಟಬೇಕು. ಅದರ ಕೆಳಗ ಫೋಟೋ ತಗಿಯಾಕ ಅಂತ ನಿಂದರಬಾರದು.’ ನಾನು ಒಂದಕ್ಷರವೂ ಬಿಡದೆ ಬರೆದು ಕಳಿಸಿದೆ.

ಅವರೆಲ್ಲ ಕ್ಷೇಮವಾಗಿ ಹೋಗಿ ಬಂದರು. ದೋಹಾಕ್ಕೆ ಮರಳಿದ ಮೇಲೆ ಝೊಹರಾ ನನಗೊಂದು ಫೋಟೋ ಕಳಿಸಿ, ಜೊತೆಗೆ ಒಂದು ವಿಷಯ ಹೇಳಿದಳು. ಹನೀಫರಿಗೆ ಮೊದಲ ದಿನದಿಂದಲೇ ಎಲ್ಲ ಗೊತ್ತಿತ್ತಂತೆ. ದಿನಾ ಬೆಳಿಗ್ಗೆ ಬೂಟು ಹಾಕಿಕೊಂಡು ಕುಳಿತು, ‘ಎಂತ ಹೇಳಿದ್ರು ಸಾರ್?’ ಎಂದು ಅವಳನ್ನೇ ಕೇಳುತ್ತಿದ್ದರಂತೆ. ಉತ್ತರ ಬರುವ ತನಕ ಮಕ್ಕಳನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವಂತೆ.

ಗುರುವಾರ ಮಧ್ಯಾಹ್ನ ನಾನು ಆ ಫೋಟೋವನ್ನು ಅವರಿಗೆ ತೋರಿಸಿದೆ. ಚರ್ಚಿನ ಮುಂದೆ ಎಲ್ಲರೂ ಹಲ್ಲು ಕಿರಿದು ನಿಂತಿದ್ದರು. ಅವರು ಮೊದಲು ಹಿಂದಿನ ಗುಡ್ಡವನ್ನು ದೊಡ್ಡದು ಮಾಡಿ ನೋಡಿದರು, ಆಮೇಲೆ ಒಂದೊಂದು ಮುಖವನ್ನು. ಹನೀಫರ ವಿಷಯವನ್ನೂ ಹೇಳಿದೆ, ಅವರಿಗೆ ಸಂತೋಷವಾದೀತೆಂದು. ಫೋನನ್ನು ನನ್ನ ಕೈಗೆ ಕೊಟ್ಟರು.

‘ಹಂಗಾದ್ರ ಒಂದ ಶುಕ್ರವಾರ ಕರೀಬಹುದಿತ್ತಲ್ರಿ ಅಕ್ಕಾರ’ ಎಂದರು.

ಅಷ್ಟು ವರ್ಷಗಳಲ್ಲಿ ಅವರು ನನ್ನ ಮುಂದೆ ತೋಡಿಕೊಂಡ ದುಃಖ ಅದೊಂದೇ.

ಮರುದಿನ ಹನೀಫರ ಮನೆಯಲ್ಲಿ ಪ್ರವಾಸದ ಫೋಟೋ ನೋಡುವ ಊಟ. ಬಿಳಿ ಗೋಡೆಯ ಮೇಲೆ ಚಿತ್ರ ಬಿಡುತ್ತ ಹನೀಫ್ ಆ ದಾರಿಯನ್ನು ಒಬ್ಬೊಬ್ಬರಾಗಿ ಹೇಗೆ ದಾಟಿದೆವೆಂದು ವರ್ಣಿಸುತ್ತಿದ್ದರು. ಯಾರ ಮಾತಿನಂತೆ ದಾಟಿದ್ದೆಂದು ಹೇಳಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಡುಗೆಮನೆಯ ಬಾಗಿಲ ಬಳಿ ಹನೀಫರನ್ನು ಕರೆದು, ಸಾರ್ ಹೇಳಿದ ಮಾತನ್ನು ಅವರ ಭಾಷೆಯಲ್ಲೇ ಹೇಳಿದೆ. ಹನೀಫ್ ನನ್ನ ಮುಖ ನೋಡದೆ ತಲೆ ತಗ್ಗಿಸಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ಅಲ್ಲಿಂದಲೇ ನಂಬರ್ ಒತ್ತಿದರು. ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು.

‘ಸ್ವಿಚ್ ಆಫ್ ಬರ್ತಾ ಉಂಟಲ್ಲ ಅಕ್ಕಾ.’

ಯಾಕೆಂದು ನನಗೆ ಗೊತ್ತಿತ್ತು. ಡ್ಯೂಟಿಯ ವಿಷಯ ಕೇಳಲು ನಾನೂ ಹಿಂದೊಮ್ಮೆ ಶುಕ್ರವಾರ ಫೋನ್ ಮಾಡಿ ಸೋತಿದ್ದೆ. ‘ಶುಕ್ರವಾರ ಮಧ್ಯಾಹ್ನ ಬಂದ್ ಮಾಡಿ ಇಡ್ತೀನ್ರಿ. ಚಾಲೂ ಇಟ್ರ ಸುಮ್ಮ ಕಿವಿ ಅದರ ಕಡಿಗೇ ಇರ್ತೈತಿ’ ಎಂದಿದ್ದರು. ಅದನ್ನು ಹನೀಫರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಕಾರು ತೆಗೆದುಕೊಂಡು ಹೋಗಿ ಕರೆತನ್ನಿ ಎಂದೆ. ಅವರು ಹಜಾರದ ಕಡೆ ನೋಡಿದರು. ಎಲ್ಲರೂ ಊಟಕ್ಕೆ ಕಾಯುತ್ತಿದ್ದರು.

‘ಈಗ ಎಲ್ಲರನ್ನೂ ಬಿಟ್ಟು ಹೇಗೆ ಹೋಗುವುದು? ನಾಳೆ ಮಾಡ್ತೇನೆ’ ಎಂದು ಹನೀಫ್ ಫೋನನ್ನು ಜೇಬಿಗಿಟ್ಟುಕೊಂಡರು. ಝೊಹರಾ ಬಿರಿಯಾನಿ ತಂದಿಟ್ಟಳು, ನಾವೆಲ್ಲ ಊಟಕ್ಕೆ ಕುಳಿತೆವು.